ಲಾಂಡ್ರಿಯಲ್ಲಿ ಹರಿದ ರಕ್ತ

"ಇದೂ ಒಂದು ರಕ್ತವೇನೇ? ಇದಕ್ಕಿಂತ ಸಾವಿರ ಪಾಲು ಚೆನ್ನಾಗಿ ನಾನೇ ಸಿನಿಮಾ ತೆಗೀತೀನಿ!"

ಟಿವಿಯಲ್ಲಿ ಹಳೇ ಕಾಲದ, ಮೂರು ಕಾಸಿನ ಭೂತದ ಹಾಸ್ಯಚಿತ್ರ ನೋಡುತ್ತಾ ಲಾಂಡ್ರಿ ಯಜಮಾನರು ಹೀಗೆ ಘರ್ಜಿಸಿದರು. ಅದರಲ್ಲಿ ಭೂತ ಇಸ್ತ್ರಿ ಕಾಣದ ಬೆಡ್‌ಶೀಟ್ ಹೊದ್ದಿತ್ತು. ಅದರ ರಕ್ತವೋ, ಬಣ್ಣದ ನೀರಿನಂತೆ ಜಾರಿಹೋಗುತ್ತಿತ್ತು. ಊರಿನ ಕಲೆಗಳನ್ನೆಲ್ಲ ಕಂಡ ಮಹಾನುಭಾವರಿಗೆ ಈ ಅವಮಾನ ಸಹಿಸಲಾಗಲಿಲ್ಲ.

ಭಾನುವಾರವೇ ಚಿತ್ರೀಕರಣ ಶುರು! ಅಂಗಡಿಯ ಹಿಂದಿನ ಮನೆಯ ಕಿಟಕಿಗಳಿಗೆ ಕಂಬಳಿ ಬಿಗಿದು ಹಾಡುಹಗಲೇ ಅಮಾವಾಸ್ಯೆ ತರಲಾಯಿತು. ಭೂತ, ಹೆಂಡತಿ. ಕ್ಯಾಮೆರಾ, ಬಾಮೈದನ ಮೊಬೈಲು. ವೇಷಕ್ಕೇನು ಬರ? ಊರಿನ ಬಟ್ಟೆಯೆಲ್ಲ ತಮ್ಮ ಬಳಿಯೇ ಇದೆಯಲ್ಲ! ಹಲ್ಲಿನ ಡಾಕ್ಟರರ ಬಿಳಿ ಕೋಟು ಹೆಂಡತಿಯ ಪಾದದವರೆಗೂ ಇಳಿಯಿತು.

"ರೀ, ಅವರು ನಾಲ್ಕು ಗಂಟೆಗೆ ಬರ್ತಾರೆ. ಅಂಗಡಿಯ ಅರ್ಧ ಕೆಲಸ ಅವರ ಆಸ್ಪತ್ರೆಯದ್ದೇ. ಕಲೆಗಿಲೆ ಆದ್ರೆ ಗಿರಾಕಿ ಕೈತಪ್ಪಿ ಹೋಗುತ್ತೆ!"

"ಕಲೆ ತೆಗೆಯೋದನ್ನ ನನಗೇ ಹೇಳಿಕೊಡ್ತೀಯಾ?"

ಇಲ್ಲೇ ನೋಡಿ, ಮಹಾಶಯರಿಗೆ ವಿದ್ಯೆ ಕೈಕೊಟ್ಟದ್ದು. ಬೇರೆ ಯಾರಾದರೂ ಆಗಿದ್ದರೆ ನೀರಿಗೆ ಒಂದಿಷ್ಟು ಕೆಂಪು ಬಣ್ಣ ಕಲಸಿ ಸುಮ್ಮನಾಗುತ್ತಿದ್ದರು. ಇವರು ಹಾಗಲ್ಲ! ಯಾವ ಕಲೆ ಈ ಜನ್ಮದಲ್ಲಿ ಹೋಗುವುದಿಲ್ಲ ಎಂಬ ತಮ್ಮ ಪಾಂಡಿತ್ಯವನ್ನೆಲ್ಲ ಬಸಿದು, ಬಟ್ಟೆಗೆ ಹಾಕುವ ಬಣ್ಣಕ್ಕೆ ಉಪ್ಪು, ವಿನೆಗರ್ ಸೇರಿಸಿ ಕುದಿಸಿ ಇಳಿಸಿದರು.

"ರಕ್ತ ಅಂದ್ರೆ ಹೀಗೆ ಅಂಟಿಕೊಳ್ಳಬೇಕು!" ಎನ್ನುತ್ತಾ ಆರುವ ಮುಂಚೆಯೇ ಒಂದು ಚೊಂಬು ಎರಚಿದರು.

"ಅಯ್ಯೋ, ಬಿಸಿ ಕಣ್ರೀ!" ಎಂದು ಭೂತ ಕುಣಿಯಿತು.

"ನೀನು ಹೆದರಿಸಬೇಕು, ಬೈಯಬಾರದು!" ಎಂದರು ನಿರ್ದೇಶಕರು.

ಮೂರು ಗಂಟೆಗೆ ತೊಳೆಯಲು ಕೂತರು. ಸೋಪು ಹಾಕಿದರು, ಸೋಡಾ ಹಾಕಿದರು, ನಿಂಬೆರಸ ಹಿಂಡಿದರು, ಕೊನೆಗೆ ಬ್ಲೀಚೂ ಸುರಿದರು. ಬ್ಲೀಚಿಗೆ ಕೋಟಿನ ಹೊಲಿಗೆ ಬಿಟ್ಟಿತು, ರಕ್ತ ಬಿಡಲಿಲ್ಲ! ಅವರು ಅಷ್ಟು ಚೆನ್ನಾಗಿ ತಯಾರಿಸಿದ್ದರು.

ನಾಲ್ಕಕ್ಕೆ ಸರಿಯಾಗಿ ಡಾಕ್ಟರು ಬಂದೇಬಿಟ್ಟರು. ಯಜಮಾನರು ಬೆವರೊರೆಸಿಕೊಂಡು ಒದ್ದೆ ಕೋಟನ್ನು ಮೇಜಿನ ಮೇಲೆ ಹರಡಿದರು.

"ಸಾರ್, ನಿಮ್ಮ ಯಾರೋ ರೋಗಿಯ ರಕ್ತ. ಬರುವಾಗಲೇ ಹೀಗಿತ್ತು. ರಕ್ತ ನೋಡಿ, ಏನು ಮಾಡಿದ್ರೂ ಹೋಗ್ತಿಲ್ಲ."

ಡಾಕ್ಟರು ಕನ್ನಡಕ ಏರಿಸಿ ನೋಡಿದರು, ಬೆರಳಿನಿಂದ ಉಜ್ಜಿದರು, ಮೂಸಿಯೂ ನೋಡಿದರು.

"ಬೆಳಗಾದ್ರೆ ರಕ್ತ ನೋಡೋನು ಕಣ್ರೀ ನಾನು. ಇದನ್ನ ರಕ್ತ ಅಂತ ನಂಬಬೇಕಾ? ಯಾವ ಜಾಮ್ ಚೆಲ್ಲಿದ್ರಿ, ಹೇಳಿ!"

ಅಷ್ಟು ಹೇಳಿ, ಆಸ್ಪತ್ರೆಯ ಉಳಿದ ಬಟ್ಟೆಗಳ ಗಂಟನ್ನು ಬಗಲಿಗೇರಿಸಿಕೊಂಡು ಎದುರು ಬೀದಿಯ ಲಾಂಡ್ರಿಯ ಕಡೆ ನಡೆದೇಬಿಟ್ಟರು.

ಒಳಬಾಗಿಲಿನಿಂದ ಪೌಡರ್ ಮೆತ್ತಿದ ಮುಖವೊಂದು ಇಣುಕಿತು.

"ಬೇಜಾರು ಮಾಡ್ಕೋಬೇಡಿ ರೀ. ಸಿನಿಮಾ ಬಿಡುಗಡೆಗೆ ಮುಂಚೆನೇ ವಿಮರ್ಶೆ ಬಂತಲ್ಲ!"