ಬೀರುವಿನೊಳಗೆ ಕ್ಯಾಪ್ಟನ್

ಕ್ಯಾಪ್ಟನ್ ಅವರನ್ನು ನಾನು ಮೊದಲು ಕಂಡದ್ದು ನಾನು ಪಾಠ ಹೇಳುವ ಶಾಲೆಯಲ್ಲಿ, ಮೇಜಿನ ಮೇಲೆ. ಅವರದು ಕನ್ನಡಕದ ಅಂಗಡಿ. ಮಕ್ಕಳ ಕಣ್ಣು ಪರೀಕ್ಷಿಸಲು ಬಂದಿದ್ದರು. "ನಿಮ್ಮನ್ನು ಎಲ್ಲರೂ ಕ್ಯಾಪ್ಟನ್ ಅನ್ನುವುದೇಕೆ?" ಎಂದು ಕೇಳಿದೆ, ಅಷ್ಟೆ. ಚಂಗನೆ ಮೇಜು ಹತ್ತಿದರು. 'ಧ್ರುವನೌಕೆ' ಎಂಬ ಸಿನಿಮಾದಲ್ಲಿ ಬಾಹ್ಯಾಕಾಶ ನೌಕೆಯ ಕ್ಯಾಪ್ಟನ್ ಮಾಡುವ ಭಾಷಣವನ್ನು ಒಂದಕ್ಷರ ಬಿಡದೆ ಒಪ್ಪಿಸಿದರು. "ಮಾನವರೇ! ಭಯವೆಂಬ ಪ್ರಯಾಣಿಕನಿಗೆ ನನ್ನ ನೌಕೆಯಲ್ಲಿ ಜಾಗವಿಲ್ಲ!" ಮಕ್ಕಳು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಬಾಲ ಅಲ್ಲಾಡಿಸುತ್ತ ಒಂದು ನಾಯಿಮರಿ ಕೊಠಡಿಯೊಳಗೆ ಬಂತು. ಭಾಷಣ ಮುಗಿದು ಬಹಳ ಹೊತ್ತಾದರೂ ಕ್ಯಾಪ್ಟನ್ ಕೆಳಗಿಳಿಯಲಿಲ್ಲ. ಮಿಕ್ಕ ಮಕ್ಕಳ ಕಣ್ಣುಗಳನ್ನೆಲ್ಲ ಮೇಜಿನ ಮೇಲಿಂದಲೇ ಪರೀಕ್ಷಿಸಿದರು!

ಅಂದಿನಿಂದ ನಾವು ಸ್ನೇಹಿತರು. ಈಗ ಹೇಳಹೊರಟಿರುವ ಸಂಗತಿಯನ್ನು ನನಗೆ ಹೇಳಿದವರು ಅವರೇ. ಅವರು ನುಂಗಿಕೊಂಡ ಭಾಗಗಳನ್ನು ಅವರ ಶ್ರೀಮತಿಯವರು ತುಂಬಿಕೊಟ್ಟರು.

'ಧ್ರುವನೌಕೆ'ಯ ಹಳೆಯ ಚಿತ್ರಗಳು ಬಂದಾಗ ಕ್ಯಾಪ್ಟನ್‌ಗೆ ಇನ್ನೂ ಮೀಸೆ ಚಿಗುರಿರಲಿಲ್ಲ. ನೌಕೆ ರಟ್ಟಿನದು, ಅದನ್ನು ಎಳೆಯುವ ದಾರ ಕಣ್ಣಿಗೆ ಕಾಣುತ್ತಿತ್ತು. ಆದರೇನು? ಅಭಿಮಾನಿಯ ಕಣ್ಣಿಗೆ ದಾರ ಕಾಣುವುದಿಲ್ಲ! ಈಗ ಅದೇ ಕಥೆಯನ್ನು ಹೊಸ ನಟರೊಂದಿಗೆ ಮೊದಲಿನಿಂದ ಮತ್ತೆ ಆರಂಭಿಸಿದ್ದರು. ಅದಕ್ಕೆ ರೀಬೂಟ್ ಎನ್ನುತ್ತಾರಂತೆ. ಅಂದಿನಿಂದ ಕ್ಯಾಪ್ಟನ್ ಮನೆಯಲ್ಲಿ ಶಾಂತಿ ಎಂಬುದು ಗಂಟುಮೂಟೆ ಕಟ್ಟಿತು.

ಜಗಳವೆಲ್ಲ ಒಂದೇ ದೃಶ್ಯದ ಮೇಲೆ. ನೌಕೆ ಒಡೆದಾಗ ನಾಯಕ ಒಂದು ಜೀವರಕ್ಷಕ ಪೆಟ್ಟಿಗೆಯೊಳಗೆ ಸಿಕ್ಕಿಕೊಳ್ಳುತ್ತಾನೆ. ಹಳೆಯ ಕ್ಯಾಪ್ಟನ್ ಅದರೊಳಗೆ ಕೈಕಟ್ಟಿ ನಿಂತು ಭಾಷಣ ಮಾಡುತ್ತಾನೆ. ಹೊಸ ಕ್ಯಾಪ್ಟನ್ ಗೋಡೆ ಗುದ್ದುತ್ತಾನೆ, ಬೆವರುತ್ತಾನೆ, ಕೊನೆಗೆ ಗೊಳೋ ಎಂದು ಅಳುತ್ತಾನೆ.

"ಕ್ಯಾಪ್ಟನ್ ಆದವನು ಅಳೋದೇ?" ಎಂದು ಕುದಿಯುವವರು ಪಕ್ಕದ ಔಷಧಿ ಅಂಗಡಿಯ ಯಜಮಾನರು. ಬೀದಿಗೆಲ್ಲ ಅವರು ಮಾತ್ರೆ ಮಾವ. "ಅಳು ಬರೋದೇ ಸಹಜ ಮಾವ, ಅವನೂ ಮನುಷ್ಯ ತಾನೆ?" ಎಂದು ಉರಿಸುವವನು ಕ್ಯಾಪ್ಟನ್ ಹೆಂಡತಿಯ ತಮ್ಮ, ಮೊಬೈಲ್ ರಿಪೇರಿಯವನು. ಒಂದು ದಿನ ನೌಕೆ ಇಳಿಯುವ ಬಗೆಯನ್ನು ತೋರಿಸಲು ಹೋಗಿ ಮಾತ್ರೆ ಮಾವ ಮೇಜಿನ ದೀಪದ ಮೇಲೆ ಇಳಿದಿದ್ದರು. ಕ್ಯಾಪ್ಟನ್ ಶ್ರೀಮತಿಯವರು ದೊಡ್ಡ ಆಸ್ಪತ್ರೆಯೊಂದರಲ್ಲಿ ಹಿರಿಯ ನರ್ಸ್. ಚೂರುಗಳನ್ನು ಗುಡಿಸುತ್ತ ತಣ್ಣಗೆ ಹೇಳಿದ್ದರು: "ಇನ್ನೊಂದು ಸಲ ಈ ಮನೇಲಿ ಆ ಸಿನಿಮಾ ಮಾತೆತ್ತಿ. ಮೂವರಿಗೂ ಸೂಜಿ ಚುಚ್ತೀನಿ. ಯಾವ ಔಷಧಿ ಅಂತ ಆಮೇಲೆ ಯೋಚಿಸ್ತೀನಿ."

ಅದರ ಮರುವಾರ, ಭಾನುವಾರದಂದು, ಅವರು ಕೆಲಸಕ್ಕೆ ಹೋಗಿದ್ದರು. ಮಾತು ಎತ್ತಲ್ಪಟ್ಟಿತು!

"ಏನ್ ಭಾವ, ನೀವೇ ಆ ಪೆಟ್ಟಿಗೇಲಿ ಇದ್ದಿದ್ರೆ ಅಳ್ತಿರ್ಲಿಲ್ವಾ?" ಎಂದ ಭಾವಮೈದ.

ಕ್ಯಾಪ್ಟನ್ ಎದ್ದುನಿಂತರು. ಕನ್ನಡಕ ಸರಿಮಾಡಿಕೊಂಡರು. "ನಾನಾ? ನಾನು ಪೂರ್ತಿ ಭಾಷಣ ಒಪ್ಪಿಸಿ, ಕೂದಲು ಬಾಚ್ಕೊಂಡು ಹೊರಗೆ ಬರ್ತೀನಿ! ಒಂದು ಹನಿ ಕಣ್ಣೀರು ಬಂದರೂ ಇವತ್ತಿಂದ ನನ್ನನ್ನ ಯಾರೂ ಕ್ಯಾಪ್ಟನ್ ಅನ್ನಬೇಡಿ!"

"ಹಾಗಾದ್ರೆ ಪರೀಕ್ಷೆ ಮಾಡೇಬಿಡೋಣ. ಅಕ್ಕನ ಬೀರು ಇದೆಯಲ್ಲ."

ಮಲಗುವ ಕೋಣೆಯ ಮೂಲೆಯಲ್ಲಿದ್ದ ಆ ಕಬ್ಬಿಣದ ಬೀರುವನ್ನು ಕ್ಯಾಪ್ಟನ್ ನೋಡಿದರು. ಈ ಮನುಷ್ಯ ಲಿಫ್ಟ್ ಹತ್ತುವವರಲ್ಲ. ರಾತ್ರಿ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಳ್ಳುವವರಲ್ಲ. ಆದರೆ ನಾಲಗೆ ಆಗಲೇ ಮುಂದೆ ಹೋಗಿಬಿಟ್ಟಿತ್ತು! "ಸೈ! ಒಳಗಿಂದ ಏನೇ ಸದ್ದು ಬಂದರೂ ತೆಗೀಬೇಡಿ. ಭಾಷಣ ಮುಗಿದ ಮೇಲೆ ಮೂರು ಸಲ ತಟ್ಟುತ್ತೇನೆ. ಹಳೇ ಸಿನಿಮಾದಲ್ಲಿ ತಟ್ಟುತ್ತಾನಲ್ಲ, ಹಾಗೆ."

"ಭೇಷ್!" ಎಂದರು ಮಾತ್ರೆ ಮಾವ, ಕಣ್ಣು ಒದ್ದೆ ಮಾಡಿಕೊಂಡು.

ಕ್ಯಾಪ್ಟನ್ ಕೋಟು ಶಾಲುಗಳನ್ನು ಸರಿಸಿ ಒಳಗೆ ನಿಂತರು. ಭಾವಮೈದ ಉತ್ಸಾಹದಿಂದ ಬಾಗಿಲನ್ನು ಧಡ್ ಎಂದು ತಳ್ಳಿದ. ಕಟಕ್! ಆ ಸದ್ದು ಕೇಳಿದಾಗ ಕ್ಯಾಪ್ಟನ್‌ಗೆ ನೆನಪಾಯಿತು: ಜೋರಾಗಿ ಮುಚ್ಚಿದರೆ ಈ ಬೀರು ತಾನೇ ಬೀಗ ಹಾಕಿಕೊಳ್ಳುತ್ತದೆ. ಕೀಲಿಕೈ ಇರುವುದು ಹೆಂಡತಿಯ ಕೈಚೀಲದಲ್ಲಿ!

ಕತ್ತಲೆ. ಎಂಥ ಕತ್ತಲೆ! ಕಣ್ಣು ಮುಚ್ಚಿದರೂ ಅಷ್ಟೆ, ತೆರೆದರೂ ಅಷ್ಟೆ. ಹಿಂಬದಿಯ ತಗಡಿನಲ್ಲಿ ತುಕ್ಕು ತಿಂದ ತೂತುಗಳಿದ್ದವು, ಗಾಳಿಗೇನೂ ಬರವಿರಲಿಲ್ಲ. ಆದರೆ ಅದನ್ನು ಎದೆಗೆ ತಿಳಿಸುವವರು ಯಾರು? ನುಸಿಗುಳಿಗೆಯ ವಾಸನೆ ಮೂಗಿಗೆ ಅಡರಿತು. "ಮಾನವರೇ..." ಎಂದು ಆರಂಭಿಸಿದರು. ಯಾರೋ ಪಕ್ಕದಲ್ಲೇ ಬುಸ್ ಬುಸ್ ಎಂದು ಉಸಿರಾಡುತ್ತಿದ್ದರು. ಕ್ಯಾಪ್ಟನ್ ಉಸಿರು ಬಿಗಿಹಿಡಿದರು. ಅವರೂ ಬಿಗಿಹಿಡಿದರು! ಕ್ಯಾಪ್ಟನ್ ಬಿಟ್ಟರು. ಅವರೂ ಬಿಟ್ಟರು! ತಮ್ಮದೇ ಉಸಿರು ಎಂದು ತಿಳಿದು ಸಮಾಧಾನವಾಗುವಷ್ಟರಲ್ಲಿ ತಣ್ಣನೆಯ ಕೈಯೊಂದು ಹಿಂದಿನಿಂದ ಬಂದು ಕುತ್ತಿಗೆಯ ಮೇಲೆ ಕುಳಿತಿತು.

"ಯಾ... ಯಾರು?"

ಕೈ ಮೆಲ್ಲಗೆ ಎದೆಯತ್ತ ಇಳಿಯಿತು. ಅದು ಹೆಂಡತಿಯ ಮಳೆಕೋಟಿನ ತೋಳು ಎಂದು ಈಗ ಹೇಳುವುದು ಸುಲಭ. ಅಲ್ಲಿ ನಿಂತವರಿಗೆ ಹಾಗೆ ಕಾಣಲಿಲ್ಲ. "ಅಮ್ಮಾ!" ಎಂಬ ಚೀತ್ಕಾರದೊಂದಿಗೆ ಕ್ಯಾಪ್ಟನ್ ಬಾಗಿಲನ್ನು ಎರಡೂ ಕೈಗಳಿಂದ ಬಡಿಯತೊಡಗಿದರು. ಡಬ ಡಬ ಡಬ ಡಬ ಡಬ!

ಹೊರಗೆ ಮಾತ್ರೆ ಮಾವ ತಲೆದೂಗಿದರು. "ಆಹಾ! ಭಾಷಣ ಶುರುವಾಯ್ತು. ಎಂಥಾ ಗಾಂಭೀರ್ಯ!"

"ಭಾಷಣ ಅಲ್ಲ ಮಾವ, ಬಾಗಿಲು ಬಡೀತಿದ್ದಾರೆ. ತೆಗೆಯೋಣ?"

"ಮೂರು ಸಲ ಅಂದಿದ್ರು ಕಣಪ್ಪ. ಇದು ಲೆಕ್ಕಕ್ಕೇ ಸಿಗ್ತಿಲ್ಲ. ಬೇರೆ ಏನೋ ಇರಬೇಕು."

"ತೆಗೀರೋ! ಸತ್ತೆ! ಬಾಗಿಲು ತೆಗೀರೋ!" ಎಂದಿತು ಬೀರು.

ಭಾವಮೈದನ ಮುಖ ಅರಳಿತು. "ಕೇಳಿದ್ರಾ? ಹೊಸ ಸಿನಿಮಾದಲ್ಲೂ ಹೀಗೇ ಕೂಗ್ತಾನೆ! ನಾನು ಗೆದ್ದೆ!"

"ಮಂಕೇ, ನಿನ್ನ ಭಾವ ಹೊಸಬನನ್ನ ಅಣಕ ಮಾಡ್ತಿದ್ದಾರೆ. ನೋಡು, ಅದೇ ಅಳು, ಅದೇ ಬಿಕ್ಕು! ಆದ್ರೆ ಹೊಸಬನಿಗಿಂತ ಚೆನ್ನಾಗಿ ಮಾಡ್ತಾರಪ್ಪ."

"ಹಾಗಾದ್ರೆ ಅಳೋದು ಚೆನ್ನಾಗಿದೆ ಅಂತ ಒಪ್ಕೊಂಡ್ರಿ!"

"ನಾನೆಲ್ಲಿ ಒಪ್ಕೊಂಡೆ?"

"ಈಗ ತಾನೆ ಅಂದ್ರಲ್ಲ!"

ಹೀಗೆ ಆ ಇಬ್ಬರು ಮಹನೀಯರು ಮಂಚದ ತುದಿಯಲ್ಲಿ ಕುಳಿತು ಕಲಾವಿಮರ್ಶೆ ನಡೆಸುತ್ತಿರಲು, ಬೀರು ಕುಣಿಯುತ್ತಿತ್ತು. ಹಿಡಿಕೆ ತಿರುಗಿಸಬೇಕೆಂದು ಭಾವಮೈದನಿಗೆ ಹೊಳೆದದ್ದು ಅದರ ಮೇಲಿದ್ದ ಪೆಟ್ಟಿಗೆ ಉರುಳಿ ಕಾಲ ಬೆರಳ ಮೇಲೆ ಬಿದ್ದಾಗ. ತಿರುಗಿಸಿದ. ಜಗ್ಗಿದ. ಹಿಡಿಕೆ ಕಿತ್ತುಕೊಂಡು ಕೈಗೆ ಬಂತು!

ಈಗ ಇಬ್ಬರ ಮುಖವೂ ಬಿಳಿಚಿತು. ಭಾವಮೈದ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. ಮೊಬೈಲಿನ ಹೊಟ್ಟೆ ಬಿಚ್ಚುವ, ಕಡ್ಡಿಗಿಂತ ತೆಳ್ಳನೆಯದು. ಬೀಗದೊಳಗೆ ತೂರಿಸಿ ತಿರುಗಿಸಿದ. ಅದು ಅಲ್ಲೇ ಮುರಿಯಿತು.

"ಭಾವ! ಹೆದರ್ಬೇಡಿ ಭಾವ!" ಎಂದು ಹೆದರಿ ಕೂಗಿದ. ಮಾತ್ರೆ ಮಾವ ಬೀರುವಿಗೆ ಬಾಯಿ ಹಚ್ಚಿ, "ಕ್ಯಾಪ್ಟನ್, ರಕ್ತದೊತ್ತಡದ ಮಾತ್ರೆ ಬೇಕಾ? ಸಂದಿಯಿಂದ ತೂರಿಸ್ಲಾ?" ಎಂದರು.

ಆಗ ಮುಂಬಾಗಿಲಲ್ಲಿ ಚಪ್ಪಲಿ ಸದ್ದು. "ಏನ್ರೀ, ಬಾಗಿಲು ಹಾರುಹೊಡೆದಿದೆ, ಎಲ್ಲಿದೀರಿ?"

ಬೀರು ತಟ್ಟನೆ ಸ್ತಬ್ಧವಾಯಿತು.

ಶ್ರೀಮತಿಯವರು ಕೋಣೆಗೆ ಬಂದರು. ತಮ್ಮನ ಕೈಯಲ್ಲಿ ಹಿಡಿಕೆ, ಮಾತ್ರೆ ಮಾವನ ಕೈಯಲ್ಲಿ ಮಾತ್ರೆ.

"ಏನಿದು?"

"ಏನಿಲ್ಲ ಅಕ್ಕ. ಬೀರು... ಒರೆಸ್ತಾ ಇದ್ವಿ."

"ಅವರೆಲ್ಲಿ?"

ಇಬ್ಬರೂ ಛಾವಣಿ ನೋಡಿದರು. ಬೀರುವಿನೊಳಗಿಂದ ಒಂದು ಸೀನು ಬಂತು.

ಶ್ರೀಮತಿಯವರು ಕೈಚೀಲದಿಂದ ಕೀಲಿಕೈ ತೆಗೆದರು, ಮುರಿದ ತುಂಡನ್ನು ತಲೆಪಿನ್ನಿನಿಂದ ಮೀಟಿ ಕೆಡವಿದರು, ಬೀಗ ತಿರುಗಿಸಿ ಬಾಗಿಲ ಅಂಚು ಹಿಡಿದು ಎಳೆದರು. ಬಾಗಿಲು ಬರಲಿಲ್ಲ. ಮತ್ತೆ ಎಳೆದರು. ಒಂದು ಗೇಣು ತೆರೆದದ್ದು ಮತ್ತೆ ಒಳಕ್ಕೆ ಸೆಳೆದುಕೊಂಡಿತು. ಇಷ್ಟು ಹೊತ್ತು ಹೊರಬರಲು ಜೀವ ಬಿಡುತ್ತಿದ್ದ ಮಹಾಶಯರು ಈಗ ಬಾಗಿಲ ಒಳಬದಿಯ ಸರಳನ್ನು ಎರಡೂ ಕೈಗಳಿಂದ ಹಿಡಿದು ಜೋತುಬಿದ್ದಿದ್ದರು! ಕತ್ತಲೆಗೆ ಹೆದರಿ ಸತ್ತವರುಂಟೋ ಇಲ್ಲವೋ. ಹೊರಗೆ ನಿಂತ ಭಯಕ್ಕೆ ಹೆಸರು, ಕೆಲಸ, ಸೂಜಿ ಎಲ್ಲ ಇತ್ತು.

"ಬಿಡ್ರೀ ಬಾಗಿಲು!"

"ಇಲ್ಲ! ನಾನಿಲ್ಲೇ ಇರ್ತೀನಿ! ಇಲ್ಲಿ ಚೆನ್ನಾಗಿದೆ!"

ಆದರೆ ರೋಗಿಗಳನ್ನು ಎತ್ತಿ ಮಲಗಿಸಿ ಪಳಗಿದ ತೋಳುಗಳ ಮುಂದೆ ಕನ್ನಡಕ ಹಿಡಿದ ಬೆರಳುಗಳು ಎಷ್ಟು ಹೊತ್ತು ನಿಂತಾವು? ಬಾಗಿಲು ತೆರೆಯಿತು. ಮಳೆಕೋಟು, ಎರಡು ಶಾಲು ಮತ್ತು ಕ್ಯಾಪ್ಟನ್ ಒಟ್ಟಿಗೆ ಉರುಳಿ ಬಂದರು. ಕೆನ್ನೆಯೆಲ್ಲ ಒದ್ದೆ; ಮೂಗು ಟೊಮೇಟೊ. ನೆಲದ ಮೇಲೆ ಕುಳಿತೇ ಅವರು, "ಇವತ್ತಿಂದ ನನ್ನನ್ನ ಕ್ಯಾಪ್ಟನ್ ಅನ್ನಬೇಡಿ" ಎಂದು ಬಿಕ್ಕಿದರು.

ಸಂಗತಿಯೆಲ್ಲ ಹೊರಬಂತು. ಸೂಜಿ ಈಗ ಬರುತ್ತದೆ, ಆಗ ಬರುತ್ತದೆ ಎಂದು ಮೂವರೂ ತೋಳು ಮುಚ್ಚಿಕೊಂಡರು. ಶ್ರೀಮತಿಯವರು ಮಂಚದ ಮೇಲೆ ಕುಳಿತು ಚಪ್ಪಲಿ ಬಿಚ್ಚಿದರು.

"ಆಸ್ಪತ್ರೇಲಿ ದಿನಾ ಸ್ಕ್ಯಾನ್ ಯಂತ್ರದೊಳಗೆ ಜನರನ್ನ ಮಲಗಿಸಿ ಕಳಿಸೋಳು ನಾನು. ಪೈಲ್ವಾನರು ಹೋಗಿದ್ದಾರೆ, ಪೊಲೀಸ್ ಅಧಿಕಾರಿಗಳು ಹೋಗಿದ್ದಾರೆ. ಎಲ್ಲರೂ ಒಳಗೆ ಅಮ್ಮಾ ಅಂತಾರೆ. ಇಷ್ಟು ವರ್ಷದಲ್ಲಿ ಒಬ್ಬನೂ ಭಾಷಣ ಮಾಡಿದ್ದು ಕೇಳಿಲ್ಲ. ನಿಮ್ಮ ಹಳೇ ಕ್ಯಾಪ್ಟನ್ ಇದಾನಲ್ಲ, ಅವನನ್ನ ಮೊದಲು ನಮ್ಮ ಡಾಕ್ಟರಿಗೆ ತೋರಿಸ್ಬೇಕು."

"ನಿನಗೆ ಹೇಗೆ ಗೊತ್ತು ಅವನ ವಿಷಯ?"

"ಎರಡೂ ನೋಡಿದೀನಿ, ನಮ್ಮ ವಾರ್ಡಿನೋರ ಜೊತೆ. ನಿಮಗೆ ಹೇಳಿದ್ರೆ ನನ್ನನ್ನೂ ಈ ವಾದಕ್ಕೆ ಎಳೀತೀರಿ ಅಂತ ಹೇಳ್ಲಿಲ್ಲ. ಏಳಿ ಕ್ಯಾಪ್ಟನ್, ಮುಖ ತೊಳ್ಕೊಳ್ಳಿ."

ಮದುವೆಯಾದಂದಿನಿಂದ ಅವರು ಗಂಡನನ್ನು ಕ್ಯಾಪ್ಟನ್ ಎಂದು ಕರೆದದ್ದು ಅದೇ ಮೊದಲಂತೆ. ಅದನ್ನು ಹೇಳುವಾಗ ನನ್ನ ಸ್ನೇಹಿತರ ಮೂಗು ಮತ್ತೆ ಕೆಂಪಾಯಿತು.

ಈಗ ಮಾತ್ರೆ ಮಾವ ಹೊಸ ಚಿತ್ರದ ಪಕ್ಷ. ಬೀರುವಿನಿಂದ ಕೇಳಿದ ಆ ಅಳು ಅವರ ಕರುಳು ಹಿಂಡಿತಂತೆ. ಭಾವಮೈದ ಹಳೆಯದರ ಪಕ್ಷ; ಭಾವ ಅತ್ತದ್ದು ಸ್ವಲ್ಪ ಅತಿಯಾಯಿತು ಎನ್ನುತ್ತಾನೆ. ವಾದ ಅಷ್ಟೇ ಬಿರುಸಾಗಿ ನಡೆದಿದೆ. ತೀರ್ಪು ಕೇಳಿದರೆ ಕ್ಯಾಪ್ಟನ್, "ಪಾಪ, ಅಳಲಿ ಬಿಡ್ರಪ್ಪ" ಎನ್ನುತ್ತಾರೆ, ಅಷ್ಟೆ. ಅಂಗಡಿಯೊಳಗೆ ಕಣ್ಣು ಪರೀಕ್ಷಿಸುವ ಕತ್ತಲೆ ಕೋಣೆಗೆ ಅವರೀಗ ಕಾಲಿಡುವುದಿಲ್ಲ. ಅಕ್ಷರದ ಫಲಕವನ್ನು ಬೀದಿಯ ದೀಪದ ಕಂಬಕ್ಕೆ ಕಟ್ಟಿ, ತೆರೆದ ಆಕಾಶದ ಕೆಳಗೆ ಕಣ್ಣು ಪರೀಕ್ಷಿಸುತ್ತಾರೆ. ಹೋಗಿಬರುವವರೆಲ್ಲ ಒಂದು ಕ್ಷಣ ನಿಂತು ಅಕ್ಷರಗಳನ್ನು ಗಟ್ಟಿಯಾಗಿ ಓದಿ ಮುಂದೆ ನಡೆಯುತ್ತಾರೆ. ಕುರ್ಚಿಯಲ್ಲಿ ಕುಳಿತವರು ಕೇಳಿದ್ದನ್ನೇ ಒಪ್ಪಿಸುತ್ತಾರೆ. ಕ್ಯಾಪ್ಟನ್ ಅವರ ದಾಖಲೆಯ ಪ್ರಕಾರ, ನಮ್ಮ ಬೀದಿಯಲ್ಲಿ ಕಣ್ಣು ಕಾಣದವರು ಈಗ ಒಬ್ಬರೂ ಇಲ್ಲ!