ಹನ್ನೆರಡು ಸಾವಿರ ಎಕ್ಸ್-ರೇಗೆ ಒಬ್ಬನೇ ರೋಗಿ!

"ಸಂಜೆಯೊಳಗೆ ಈ ಕಂಪ್ಯೂಟರನ್ನ ಕನ್ನಡಿ ಹಾಗೆ ಮಾಡಿಬಿಡ್ತೀನಿ, ನೋಡ್ತಿರು!" ಎಂದು ಹಲ್ಲಿನ ಡಾಕ್ಟರು ತೋಳು ಮಡಚಿ ಘೋಷಿಸಿದರು. ಎಕ್ಸ್-ರೇ ಯಂತ್ರ ರಿಪೇರಿಗೆ ಹೋಗಿತ್ತು. ಕೈ ಖಾಲಿಯಿದ್ದಾಗ ಡಾಕ್ಟರ ತಲೆ ಚುರುಕಾಗುವುದು ಮನೆಮಂದಿಗೆಲ್ಲ ಗೊತ್ತಿದ್ದ ಅಪಾಯ.

ಕ್ಲಿನಿಕ್ಕಿನ ಲೆಕ್ಕಪತ್ರವೆಲ್ಲ ನೋಡಿಕೊಳ್ಳುವ ಹೆಂಡತಿ ಕೇಳಿದಳು: "ಏನು ಮಾಡ್ತೀರಿ?"

"ವರ್ಷವಾರು ಬಿದ್ದಿರೋ ಹನ್ನೆರಡು ಸಾವಿರ ಎಕ್ಸ್-ರೇ, ಒಬ್ಬೊಬ್ಬ ರೋಗಿಗೆ ಒಂದೊಂದು ಫೋಲ್ಡರು! ಫೈಲಿನ ಮೊದಲ ಪದ ನೋಡಿ ಕಂಪ್ಯೂಟರೇ ವಿಂಗಡಿಸಿ, ಹಳೇ ಹೆಸರಿನ ಬದಲು ಒಂದರಿಂದ ನಂಬರು ಹಾಕಿಕೊಳ್ಳುತ್ತೆ."

"ಯಾವುದು ಎಲ್ಲಿಗೆ ಹೋಗುತ್ತೆ ಅಂತ ಮೊದಲು ಪಟ್ಟಿ ತೋರಿಸುತ್ತಂತಲ್ಲ, ಅದನ್ನ ಒಂದ್ಸಲ ನೋಡ್ರೀ."

"ಪಟ್ಟಿ ನೋಡೋದು ಅಂಜುಬುರುಕರು!" ಎಂದು ಡಾಕ್ಟರು ಗುಂಡಿ ಒತ್ತಿಯೇಬಿಟ್ಟರು.

ನಾಲ್ಕೇ ನಿಮಿಷ! ಪರದೆಯ ಮೇಲೆ ಉಳಿದದ್ದು ಒಂದೇ ಫೋಲ್ಡರು. ಅದರ ಹೆಸರು 'ಹಲ್ಲು'. ಹತ್ತು ವರ್ಷದಿಂದ ಪ್ರತಿ ಫೈಲಿಗೂ 'ಹಲ್ಲು' ಎಂದು ಶುರುಮಾಡಿ ಆಮೇಲೆ ರೋಗಿಯ ಹೆಸರು ಬರೆದಿದ್ದವರು ಸ್ವತಃ ಡಾಕ್ಟರೇ. ಹಲ್ಲು ಎಂಬ ಒಬ್ಬ ಮಹಾನುಭಾವ ಹನ್ನೆರಡು ಸಾವಿರ ಸಲ ಬಂದು ಬಾಯಿ ತೆರೆದು ಹೋಗಿದ್ದಾನೆಂದು ಕಂಪ್ಯೂಟರು ನಂಬಿತ್ತು. ರೋಗಿಗಳ ಹೆಸರೆಲ್ಲ ಮಾಯ, ಉಳಿದದ್ದು ಬರೀ ನಂಬರು!

ಆಗಲೇ ಕೆನ್ನೆ ಊದಿಸಿಕೊಂಡು ಬಂದರು ಅತ್ತೆ. ಹೋದ ವಾರ ತೆಗೆದ ಎಕ್ಸ್-ರೇ ನೋಡಿ ಇಂದು ಹಲ್ಲು ಕೀಳಬೇಕಿತ್ತು. ಡಾಕ್ಟರು ಬೆವರುತ್ತ, ದೇವರ ಮೇಲೆ ಭಾರ ಹಾಕಿ ಒಂದು ಚಿತ್ರ ತೆರೆದರು.

ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. "ಅಳಿಯಂದ್ರೇ, ನನ್ನ ಬಾಯಲ್ಲಿ ಇರೋದೇ ಒಂಬತ್ತು. ಮಿಕ್ಕ ಇಪ್ಪತ್ತಮೂರು ಯಾವಾಗ ಹುಟ್ಟಿದ್ವು?"

ಡಾಕ್ಟರು ಹಲ್ಲು ಕಿರಿದರು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಹಲ್ಲು ಕಡಿದಳು. ಆಮೇಲೆ ತನ್ನ ಮೇಜಿನ ಖಾನೆಯಿಂದ ಒಂದು ಪುಟ್ಟ ಡಿಸ್ಕು ತಂದು ಸಿಕ್ಕಿಸಿದಳು.

"ಬೆಳಿಗ್ಗೆ ನೀವು ಸ್ನಾನಕ್ಕೆ ಹೋದಾಗಲೇ ಎಲ್ಲಾನೂ ನಕಲು ಮಾಡಿಟ್ಟೆ. ಬಚ್ಚಲಲ್ಲಿ ಹಾಡ್ತಿದ್ರಲ್ಲ, ಆಗಲೇ ಎದೆ ಧಸಕ್ಕಂತು!"

ಎಲ್ಲವೂ ಹಳೆಯ ಜಾಗಕ್ಕೆ ಮರಳಿತು. ಅತ್ತೆಯ ಸರಿಯಾದ ಹಲ್ಲೇ ಸರಿಯಾಗಿ ಕಿತ್ತುಬಂತು.

"ಅಮ್ಮನ ಹಲ್ಲಿಗೆ ಕೈ ಹಾಕೋ ಮುಂಚೆ ಅಷ್ಟು ಹೊತ್ತು ಚಿತ್ರ ನೋಡಿದ್ರಲ್ಲ, ಯಾಕೆ?" ಎಂದಳು ಹೆಂಡತಿ.

"ಕಿತ್ತಮೇಲೆ ಮತ್ತೆ ನೆಡೋಕಾಗಲ್ವಲ್ಲ..." ಎಂದವರೇ ಡಾಕ್ಟರು ಬಾಯಿ ಮುಚ್ಚಿಕೊಂಡರು.

ಮರುದಿನ ಹೆಂಡತಿಯೇ 'ಹಲ್ಲು' ಬಿಟ್ಟು ಅದರ ಮುಂದಿನ ಹೆಸರು ನೋಡುವಂತೆ ನಿಯಮ ಬದಲಿಸಿ, ಒಂದು ಫೈಲನ್ನೂ ಕದಲಿಸದೆ, ಬರೀ ಪಟ್ಟಿ ತೆಗೆದು ಮುಂದಿಟ್ಟಳು. ಎಡಕ್ಕೆ ಈಗಿನ ಜಾಗ, ಬಲಕ್ಕೆ ಮುಂದಿನ ಜಾಗ. ಡಾಕ್ಟರು ಕನ್ನಡಕ ಒರೆಸಿ ಸಾಲುಸಾಲಾಗಿ ಓದಿದರು. ಎಂಥ ಅಚ್ಚುಕಟ್ಟು! ಎಲ್ಲ ರೋಗಿಗಳೂ ತಂತಮ್ಮ ಮನೆ ಸೇರುತ್ತಿದ್ದರು. ಕೊನೆಯ ಸಾಲಿನಲ್ಲಿ ಬೆರಳು ನಿಂತಿತು.

"'ಡಾಕ್ಟರ ಹೊಸ ಯೋಜನೆಗಳು' ಅನ್ನೋ ಫೋಲ್ಡರು ಕಸದ ಬುಟ್ಟಿಗೆ ಹೋಗ್ತಿದೆಯಲ್ಲೇ!"

"ಅದಕ್ಕೇ ಮೊದಲೇ ತೋರಿಸಿದ್ದು. ತಪ್ಪಿದ್ರೆ ಹೇಳಿ, ತಿದ್ದೋಣ."

ಡಾಕ್ಟರು ಕನ್ನಡಕ ಸರಿಪಡಿಸಿಕೊಂಡು ಆ ಸಾಲನ್ನು ಇನ್ನೊಮ್ಮೆ ಓದಿದರು.

"ತಪ್ಪೇನೂ ಕಾಣಿಸ್ತಿಲ್ಲ," ಎಂದರು. "ಒತ್ತು."