ಅಮ್ಮನ ಮಾತು ಕೇಳುವ ವಾಷಿಂಗ್ ಮೆಷಿನ್

"ದ್ವಾರಕೀ, ಬೇಗ ಬಾರೋ! ಇವತ್ತಿಂದ ಫ್ರಂಟ್ ಲೋಡು, ಟಾಪ್ ಲೋಡು ಅನ್ನೋ ಜಗಳವೇ ಪ್ರಪಂಚದಲ್ಲಿ ಇರಲ್ಲ!"

ಕಾಂಪೌಂಡ್ ಗೋಡೆಯ ಮೇಲೆ ಶೇಷಗಿರಿಯ ತಲೆ ಕಂಡರೆ ಸಾಕು, ನನಗೆ ಕೈಕಾಲು ತಣ್ಣಗಾಗುತ್ತದೆ. ನಾನು ಹುಟ್ಟಾ ಪುಕ್ಕಲ, ಅದರಲ್ಲಿ ನಾಚಿಕೆಯೇನಿಲ್ಲ. ಶೇಷುವಿನ ಪಕ್ಕದ ಮನೆಯಲ್ಲಿ ಇಷ್ಟು ಕಾಲ ಬದುಕಿದವನು ಪುಕ್ಕಲನಾಗದೆ ಇನ್ನೇನಾದಾನು! ಅವನ ಸೊಳ್ಳೆ ಹಿಡಿಯುವ ಯಂತ್ರ ಸೊಳ್ಳೆಯನ್ನು ಬಿಟ್ಟು ನನ್ನ ಎಡಹುಬ್ಬನ್ನು ಹಿಡಿಯಿತು. ಅದು ಮತ್ತೆ ಬೆಳೆಯುವ ತನಕ ನಾನು ಮಂಗನ ಟೋಪಿ ಹಾಕಿಕೊಂಡು ಮೈಸೂರೆಲ್ಲ ಓಡಾಡಿದ್ದೇನೆ, ಅದೂ ಏಪ್ರಿಲ್ ತಿಂಗಳಲ್ಲಿ!

ಆದರೂ ಹೋದೆ. ಹೋಗದಿದ್ದರೆ ಯಂತ್ರವನ್ನೇ ನಮ್ಮ ಮನೆಗೆ ತರುತ್ತಾನೆ.

ಆ ಮನೆಯ ಜಗಳ ಬೀದಿಗೆಲ್ಲ ಗೊತ್ತು. ಹಳೆಯ ವಾಷಿಂಗ್ ಮೆಷಿನ್ ಕೆಟ್ಟಾಗಿನಿಂದ ಅತ್ತೆ ಕಾವೇರಮ್ಮನವರಿಗೂ ಸೊಸೆ ವಾಸಂತಿಗೂ ಹೊಸದು ಯಾವುದು ತರಬೇಕು ಎನ್ನುವ ವಿಷಯದಲ್ಲಿ ಒಮ್ಮತವಿಲ್ಲ. "ಮುಂದಿನ ಬಾಗಿಲಿಂದು ತರೋಣ, ಅರ್ಧಕ್ಕರ್ಧ ನೀರು ಉಳಿಯತ್ತೆ. ನಲ್ಲೀಲಿ ದಿನ ಬಿಟ್ಟು ದಿನ ನೀರು ಬರೋದು ನಿಮ್ಗೆ ಗೊತ್ತಿಲ್ವಾ ಅತ್ತೆ?" ಎನ್ನುವುದು ಸೊಸೆ. "ಅಷ್ಟು ನೀರಲ್ಲಿ ಬಟ್ಟೆ ಒಗೆಯೋದಲ್ಲ ಕಣೇ, ಅದಕ್ಕೆ ಸಮಾಧಾನ ಹೇಳೋದು! ಮೇಲಿನ ಬಾಯಿಂದೇ ಬೇಕು. ನೀರು ತುಂಬೋದು ಕಣ್ಣಿಗೆ ಕಾಣ್ಬೇಕು, ಮರೆತಿದ್ದ ಕರ್ಚೀಫು ಮಧ್ಯೆ ಹಾಕೋಕೆ ಆಗ್ಬೇಕು" ಎನ್ನುವುದು ಅತ್ತೆ. ಆ ಮನೆಯಲ್ಲಿ ಬಟ್ಟೆ ಒಗೆಯುವವನು ಶೇಷು. ಅವನನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ.

ಬಚ್ಚಲುಮನೆಯ ಎದುರಿನ ಓಣಿಯಲ್ಲಿ ಯಂತ್ರ ನಿಂತಿತ್ತು. ಎದೆಯ ಮೇಲೆ ದುಂಡನೆಯ ಗಾಜಿನ ಬಾಗಿಲು, ನೆತ್ತಿಯ ಮೇಲೆ ಇನ್ನೊಂದು ಮುಚ್ಚಳ. ನನ್ನನ್ನು ನೋಡಿ ಅದು ಗುರ್ ಅಂದಿತು. ಅಥವಾ ನನಗೆ ಹಾಗನ್ನಿಸಿತು.

"ಎರಡೂ ಬಾಯಿ!" ಎಂದ ಶೇಷು. "ಒಂದು ತಂಬಿಗೆ ನೀರು ಸಾಕು. ಬಟ್ಟೆ ಇರೋ ಜಾಗವನ್ನೇ ಮಡಿಸಿಬಿಡತ್ತೆ ಕಣೋ! ಜಾಗ ಚಿಕ್ಕದಾದ್ರೆ ನೀರೂ ಕಮ್ಮಿ ಸಾಕು ತಾನೆ? ಒಳಗಿರೋದಕ್ಕೆ ಒಂಚೂರೂ ನೋವಾಗಲ್ಲ."

"ಬಟ್ಟೆಗೆ ನೋವು ಯಾಕಾಗ್ಬೇಕು?" ಎಂದೆ.

"ಮಾತಿಗೆ ಹೇಳ್ದೆ. ಇನ್ನೊಂದು ವಿಶೇಷ ಇದೆ. ಮಡಿಯಲ್ಲಿದ್ದಾಗ ಅಮ್ಮ ಯಂತ್ರಾನ ಮುಟ್ಟೋ ಹಾಗಿಲ್ವಲ್ಲ, ಅದಕ್ಕೆ ಬಾಯಲ್ಲಿ ಅಳತೆ ಹೇಳಿದ್ರೆ ಸಾಕು ಅನ್ನೋ ಹಾಗೆ ಮಾಡಿದ್ದೀನಿ. ಅಮ್ಮನ ದನಿ ಬಿಟ್ಟು ಇನ್ಯಾರ ಮಾತೂ ಕೇಳಲ್ಲ! ಅಮ್ಮಾ, ಹೇಳಮ್ಮ!"

ಕಾವೇರಮ್ಮನವರಿಗೆ ಕಿವಿ ಸ್ವಲ್ಪ ಮಂದ, ದನಿ ಮಾತ್ರ ಗಂಟೆ. ಸೆರಗು ಸರಿಮಾಡಿಕೊಂಡು, ಒಳಗೆ ಹಾಕಿದ್ದ ರಗ್ಗಿಗೆ ಅಪ್ಪಣೆ ಕೊಟ್ಟರು. "ಗೇಣಿಗೆ!"

ಡಬ್! ಗಾಜಿನ ಹಿಂದೆ ಡಬಲ್ ಕಾಟಿನ ರಗ್ಗು ಒಂದು ಗೇಣಿನ ಗಂಟಾಗಿ ಕೂತಿತ್ತು.

"ಮಡಿ!" ಎಂದರು.

ಡಬ್! ಅದರ ಅರ್ಧವಾಯಿತು.

"ಮಡಿ ಅಂದಾಗೆಲ್ಲ ಇನ್ನೊಂದು ಸಲ ಮಡಿಸತ್ತೆ. ದೊಡ್ಡ ಅಳತೆ ಹೇಳಿದ್ರೆ ಬಿಚ್ಚತ್ತೆ. ಸುಲಭ!" ಎಂದು ಶೇಷು ಎದೆಯುಬ್ಬಿಸಿದ.

"ಯಂತ್ರಕ್ಕೂ ಮಡಿ ಗೊತ್ತಾಗತ್ತಲ್ಲೋ! ಮನೆಯವರಿಗೇ ಗೊತ್ತಾಗಲ್ಲ" ಎಂದು ಸೊಸೆಯ ಕಡೆ ಒಂದು ನೋಟ ಎಸೆದು, ಕಾವೇರಮ್ಮನವರು ಸ್ನಾನಕ್ಕೆ ನಡೆದರು. ಆ ಮಾತಿಗೂ ರಗ್ಗು ಡಬ್ ಎಂದು ಇನ್ನೊಂದು ಸಲ ಮಡಿಸಿಕೊಂಡಿತು. ವಾಸಂತಿ ಪಾತ್ರೆ ಕುಕ್ಕುತ್ತ ಒಲೆಯ ಕಡೆಗೆ ಹೋದಳು. ನಾನು ಬದುಕಿದೆಯಾ ಬಡಜೀವವೇ ಎಂದು ಚಪ್ಪಲಿ ಹುಡುಕುತ್ತಿದ್ದೆ.

ಆಗಲೇ ಶೇಷು, "ರಗ್ಗು ಯಾಕೋ ಮೂಲೇಲಿ ಸಿಕ್ಕಾಕೊಂಡಿದೆ, ಇರು" ಎಂದು ಮೇಲಿನ ಮುಚ್ಚಳ ತೆಗೆದು ತಲೆ ಹಾಕಿದ. ತಲೆಯಾದ ಮೇಲೆ ಭುಜ, ಭುಜವಾದ ಮೇಲೆ ಸೊಂಟ. ಹೊರಗೆ ಎರಡು ಕಾಲು ಮಾತ್ರ ಆಡುತ್ತಿದ್ದವು.

"ಶೇಷೂ, ಈಚೆ ಬಾರೋ, ನಂಗೆ ಭಯ ಆಗತ್ತೆ" ಎಂದೆ.

ಬಚ್ಚಲುಮನೆಯಿಂದ ಕಾವೇರಮ್ಮನವರ ಕಂಚಿನ ದನಿ ಮೊಳಗಿತು. "ವಾಸಂತೀ! ಅಡಿಗೆ ಆಯ್ತೇನೇ?"

ಡಬ್!

ಕಾಲುಗಳಿಲ್ಲ. ಮುಚ್ಚಳ ತಾನಾಗಿ ಬಿತ್ತು. ನಾನು ಗಾಜಿನ ಮುಂದೆ ಬಗ್ಗಿದೆ. ಒಳಗೆ ಶೇಷು ಇದ್ದ. ಒಂದು ಅಡಿ ಉದ್ದವಿದ್ದ! ಅಂಗಡಿಯಿಂದ ತಂದ ಹೊಸ ಅಂಗಿಯ ಹಾಗೆ ಕೈಗಳೆರಡೂ ಬೆನ್ನ ಹಿಂದೆ, ಮಂಡಿಗಳು ಎದೆಯ ಅಡಿಗೆ, ಗಲ್ಲ ಕಾಲರಿನ ಮೇಲೆ, ಅಂದವಾಗಿ ಮಡಿಸಿ ಇಟ್ಟಂತೆ.

ಅವನು ಕಣ್ಣು ಮಿಟುಕಿಸಿದ.

"ವಾ... ವಾ... ವಾಸಂತೀ!"

ಸೌಟು ಹಿಡಿದೇ ಓಡಿಬಂದ ವಾಸಂತಿ ಗಾಜಿನೊಳಗೆ ನೋಡಿ ಗೋಡೆ ಹಿಡಿದುಕೊಂಡಳು. "ರೀ! ಏನ್ರೀ ಇದು! ಸ್ವಿಚ್ ಆರಿಸಿ ದ್ವಾರಕಣ್ಣ!"

"ಸ್ವಿಚ್ ಎಲ್ಲಿದೆ?"

"ಗೊತ್ತಿಲ್ದೋರು ಮುಟ್ಟಬಾರ್ದು ಅಂತ ಒಳಗಡೆ ಇಟ್ಟಿದ್ದಾರೆ!"

ವೈರು ಕಿತ್ತೆ. ಬ್ಯಾಟರಿ ಇತ್ತು, ಯಂತ್ರ ಇನ್ನೂ ಹುಮ್ಮಸ್ಸಿನಿಂದ ಗುರುಗುಟ್ಟಿತು. ಬಾಗಿಲು ಎಳೆದೆ, ಹಿಡಿಕೆ ಕೈಗೆ ಬಂತು. ಮನುಷ್ಯನ ಉದ್ದಕ್ಕೆ ಸರಿಹೋಗುವ ಅಳತೆ ಮಾರು. ಎರಡು ಕೈ ಚಾಚಿದರೆ ಎಷ್ಟೋ ಅಷ್ಟು, ಹೂವಿನವಳು ಅಳೆಯುವಂತೆ. "ಮಾರಿಗೆ! ಮಾರಿಗೆ!" ಎಂದು ನಾನು ಗಂಟಲು ಹರಿಯುವಂತೆ ಕೂಗಿದೆ. ಯಂತ್ರ ನನ್ನನ್ನು ಕಡೆಗಣಿಸಿತು. ವಾಸಂತಿ ಒಂದು ಕ್ಷಣ ಹಿಂಜರಿದು, ಥೇಟ್ ಅತ್ತೆಯ ದನಿಯಲ್ಲಿ "ಮಾರಿಗೆ!" ಎಂದಳು. ಎಷ್ಟು ಚೆನ್ನಾಗಿ ಅಂದಳೆಂದರೆ, ಎಷ್ಟು ಕಾಲದ ಅಭ್ಯಾಸವೋ ಎನಿಸಿತು. ಯಂತ್ರ ಒಂದು ಸಲ ಟಿಕ್ ಎಂದಿತು, ಅಷ್ಟೇ. ಅದಕ್ಕೆ ಅಮ್ಮನೇ ಬೇಕು.

ಅಷ್ಟರಲ್ಲಿ ಬಚ್ಚಲಲ್ಲಿ ನೀರಿನ ಸದ್ದು ನಿಂತಿತು.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇಬ್ಬರಿಗೂ ಒಂದೇ ಯೋಚನೆ ಬಂದಿತ್ತು. ಕಾವೇರಮ್ಮನವರು ಸ್ನಾನ ಮುಗಿಸಿ ಒದ್ದೆ ಸೀರೆಯಲ್ಲಿ ಹೊರಗೆ ಕಾಲಿಟ್ಟ ಕೂಡಲೇ ಬಾಯಲ್ಲಿ ಬರುವ ಮೊದಲ ಮಾತು ಯಾವುದು? ದೇವರಮನೆ ಸೇರುವ ತನಕ, ಯಾರೂ ಮೈಗೆ ತಾಗಬಾರದೆಂದು, ಹೆಜ್ಜೆ ಹೆಜ್ಜೆಗೂ ಕೂಗುವ ಮಾತು?

"ಮಡಿ, ಮಡಿ, ಮಡಿ!"

ಒಂದಡಿಯ ಶೇಷು ಅರ್ಧ ಅಡಿಯಾಗುತ್ತಾನೆ, ಅರ್ಧ ಅಡಿ ಕಾಲಡಿಯಾಗುತ್ತದೆ. ಅವರು ದೀಪ ಹಚ್ಚುವಷ್ಟರಲ್ಲಿ ಗಾಜಿನ ಹಿಂದೆ ಒಂದು ಸಾಸಿವೆ ಕಾಳು ಉಳಿಯುತ್ತದೆ. ಬೈದುಕೊಂಡು ಬೆಳೆದ ಗೆಳೆಯ, ನಿಜ. ಆದರೆ ಇದ್ದದ್ದು ಅವನೊಬ್ಬನೇ.

ವಾಸಂತಿ ಬಚ್ಚಲ ಬಾಗಿಲು ಬಡಿದಳು. "ಅತ್ತೇ! ದಮ್ಮಯ್ಯ, ಆಚೆ ಬಂದ್ಮೇಲೆ ಮಾತಾಡ್ಬೇಡಿ! ಬಾಯಿ ಮುಚ್ಕೊಂಡಿರಿ!"

"ಏನಂದೆ? ನನಗೇ ಬಾಯ್ಮುಚ್ಚು ಅಂತೀಯಾ?" ಅಷ್ಟು ಮಾತ್ರ ಚೆನ್ನಾಗಿ ಕೇಳಿಸಿತ್ತು. "ಬಂದೆ ಇರು!"

ಚಿಲಕ ಸರಿಯಿತು. ಆ ಭಯದಲ್ಲಿ ನನ್ನ ತಲೆ ಜೀವನದಲ್ಲೇ ಮೊದಲ ಬಾರಿಗೆ ಚುರುಕಾಗಿ ಓಡಿತು. ಮಡಿಯಲ್ಲಿ ಇದ್ದರೆ ತಾನೆ ಮಡಿ ಎನ್ನುವುದು? ಹೆತ್ತ ಮಗ ಮುಟ್ಟಿದರೂ ಅವರ ಮಡಿ ಕೆಡುತ್ತದೆ. ಬಾಯಿ ತೆರೆಯುವ ಮೊದಲೇ ಮುಟ್ಟಿಬಿಟ್ಟರೆ ಆ ಮಾತೇ ಬರುವುದಿಲ್ಲ!

ಬಾಗಿಲು ತೆರೆಯಿತು. ಕಾವೇರಮ್ಮನವರ ತುಟಿ "ಮ" ಎನ್ನಲು ಸೇರಿತು. ನಾನು ಉದ್ದಂಡ ನಮಸ್ಕಾರ ಬಿದ್ದು ಎರಡೂ ಪಾದ ಗಟ್ಟಿಯಾಗಿ ಹಿಡಿದುಕೊಂಡೆ.

"ಮ... ಅಯ್ಯೋ! ಅಯ್ಯೋ ನಿನ್ ಮನೆ ಹಾಳಾಗ! ಮೈಲಿಗೆ!"

ಗೆದ್ದೆ ಎಂದುಕೊಂಡೆ. ಅಡಿಗೆ ಅಂದರೆ ಅಡಿಗೆ. ಗೇಣಿಗೆ ಅಂದರೆ ಗೇಣಿಗೆ. ಹಾಗಾದರೆ ಮೈಲಿಗೆ ಅಂದರೆ...

ಢಮಾರ್! ಮನೆಯ ಕಿಟಕಿಗಳೆಲ್ಲ ಅದುರಿದವು. ತಲೆಯೆತ್ತಿ ನೋಡಿದರೆ ಗಾಜಿನ ಹಿಂದೆ ಏನೂ ಇರಲಿಲ್ಲ. ರಗ್ಗೂ ಇಲ್ಲ, ಶೇಷುವೂ ಇಲ್ಲ.

ವಾಸಂತಿ ಸೌಟು ಕೆಳಗೆ ಬಿಟ್ಟು ಕುಸಿದು ಕೂತಳು. ನನಗೆ ಅಳು ಬಂತು. ಪಾದ ಹಿಡಿದುಕೊಂಡೇ ಅತ್ತುಬಿಟ್ಟೆ. ಕಾವೇರಮ್ಮನವರು ಏನಾಯಿತೆಂದು ಕೇಳುತ್ತಲೇ ಇದ್ದರು, ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಆಗ ವಾಸಂತಿಯ ಫೋನು ಹೊಡೆದುಕೊಂಡಿತು. ತೆಗೆಯುವ ಗಡಿಬಿಡಿಯಲ್ಲಿ ಸ್ಪೀಕರ್ ಒತ್ತಿಹೋಯಿತು.

"ನಾನು ಕಣೇ! ರೈಲ್ವೆ ಗೇಟಿನ ಆಚೆ, ಕಲ್ಯಾಣ ಮಂಟಪದಲ್ಲಿ ಇದ್ದೀನಿ. ಪಂಕ್ತಿ ಮಧ್ಯೆ ಬಂದು ಬಿದ್ದೆ, ಯಾರೋ ಬೀಗರ ಕಡೆಯವನು ಅಂದ್ಕೊಂಡು ಎಲೆ ಹಾಕಿದ್ರು! ಪೂರ್ತಿ ಇದ್ದೀನಿ, ಕೈಕಾಲು ಎಲ್ಲ ನೆಟ್ಟಗಿದೆ. ಮನುಷ್ಯನ್ನ ಮೈಲಿ ಉದ್ದ ಬಿಚ್ಚೋಕೆ ಆಗಲ್ವಲ್ಲ, ಮಿಕ್ಕಿದ್ದನ್ನ ದೂರದ ಲೆಕ್ಕದಲ್ಲಿ ಕೊಟ್ಟಿದೆ. ಎಂಥಾ ಯಂತ್ರ ನೋಡು! ಈಗ ನೀನು ಒಂದು ಕೆಲ್ಸ ಮಾಡು, ಯಂತ್ರ ಇನ್ನೂ ಚಾಲೂ ಇದೆ, ನನ್ನ ಹಿಡಿತ ಬಿಟ್ಟಿಲ್ಲ, ಅಮ್ಮನ್ನ ಮೊದ್ಲು ಅಲ್ಲಿಂದ..."

ಕಾವೇರಮ್ಮನವರು ಫೋನಿಗೆ ಬಾಯಿ ಹಾಕಿದರು. "ಶೇಷೂ, ಗೊತ್ತಿಲ್ದೋರ ಮನೆ ಮದುವೇಲಿ ಊಟಕ್ಕೆ ಕೂತಿದ್ಯಾ? ಯಾರ ಅಡಿಗೆಯೋ ಏನೋ!"

ಡಬ್!

ಗಾಜಿನ ಹಿಂದೆ ಶೇಷು ಮತ್ತೆ ಒಂದಡಿಯಾಗಿ ಮಡಿಸಿಕೊಂಡು ಕೂತಿದ್ದ. ಬಾಯಲ್ಲಿ ಅರ್ಧ ಹೋಳಿಗೆ. ಈ ಸಲ ಕಣ್ಣು ಮಿಟುಕಿಸಲಿಲ್ಲ, ನಮ್ಮನ್ನೇ ದುರುಗುಟ್ಟಿ ನೋಡಿದ.

ಕಾವೇರಮ್ಮನವರು ಆಗ ನೋಡಿದರು. ಕನ್ನಡಕವಿಲ್ಲದ ಕಣ್ಣನ್ನು ಗಾಜಿಗೆ ಒತ್ತಿ ನೋಡಿದರು. ಅವರ ಗಂಟೆಯ ದನಿ ಅಡಗಿಹೋಯಿತು. "ಇವನು... ಇಷ್ಟೇ ಇದ್ದ ಕಣೋ ದ್ವಾರಕಿ, ಹುಟ್ಟಿದಾಗ" ಎಂದು ಪಿಸುಗುಟ್ಟಿದರು. ಬೆರಳಲ್ಲಿ ಗಾಜು ಸವರಿದರು. ಮಡಿ, ಸ್ನಾನ, ಸೊಸೆಯ ಮಾತು ಯಾವುದೂ ಅವರಿಗೆ ನೆನಪಿರಲಿಲ್ಲ. "ಏನ್ ಮಾಡ್ಬೇಕು ಹೇಳ್ರೋ. ಯಾರಾದ್ರೂ ಹೇಳ್ರೋ!"

ನಾನು ಅವರ ಕಿವಿಯ ಹತ್ತಿರ ಹೋಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. "ಅಮ್ಮ, ನೀವು ಒಂದೇ ಒಂದು ಮಾತು ಹೇಳ್ಬೇಕು. ಬೇರೆ ಏನೂ ಬೇಡ. ಮಾ-ರಿ-ಗೆ ಅನ್ನಿ."

ಅವರು ಸೆಟೆದು ನಿಂತರು. ಕಣ್ಣು ಕೆಂಪಗಾಯಿತು. ಎಲ್ಲ ದನಿಯೂ ಒಂದೇ ಸಲ ವಾಪಸ್ಸು ಬಂತು.

"ಏನಂದೆ? ಹೆತ್ತ ತಾಯಿ ಬಾಯಲ್ಲಿ ಅನ್ನೋ ಮಾತೇನೋ ಅದು! ಒಬ್ಬನೇ ಮಗ ಕಣೋ! ಕುರಿನಾ ಅವನು? ನನ್ನ ಮಗನ್ನ ನಾನು ಮಾರಿಗೆ ಕೊಡ್ಲಾ?"

ಡಬ್!

ಗಾಜಿನ ಬಾಗಿಲು ತೆರೆದುಕೊಂಡಿತು. ಶೇಷು ತೆವಳಿಕೊಂಡು ಹೊರಗೆ ಬಂದ. ಹಿಂದೆಯೇ ಒಳಗಿಂದ ಹೊಗೆ ಬಂತು, ಯಂತ್ರ ಒಂದು ಸಲ ಬಿಕ್ಕಳಿಸಿ ಸತ್ತಿತು. ವಾಸಂತಿ ಅಳುತ್ತ ಅವನನ್ನು ತಬ್ಬಿಕೊಂಡಳು. ಕಾವೇರಮ್ಮನವರು ಇಬ್ಬರನ್ನೂ ಸೇರಿಸಿ ತಬ್ಬಿಕೊಂಡರು. ನಾನು ಗೋಡೆಗೊರಗಿ ಉಸಿರು ಬಿಟ್ಟೆ.

ಬಿಟ್ಟ ಉಸಿರು ಅರ್ಧಕ್ಕೇ ನಿಂತಿತು. ವಾಸಂತಿಯೂ ಅಳು ನಿಲ್ಲಿಸಿ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. ಮೇಲಿಂದ ಕೆಳಗೆ ಎಂದರೆ ನಿಜವಾಗಿಯೂ ಮೇಲಿಂದ! ಶೇಷುವಿನ ನೆತ್ತಿ ಅವಳ ಭುಜಕ್ಕೆ ಬಂದಿತ್ತು.

"ರೀ, ಎದ್ದು ನಿಂತ್ಕೊಳ್ಳಿ."

"ನಿಂತೇ ಇದ್ದೀನಿ ಕಣೇ" ಎಂದ ಶೇಷು, ಹೋಳಿಗೆ ನುಂಗಿ. ಆಮೇಲೆ ತಾಯಿಯ ಪಕ್ಕ ನಿಂತು ನೋಡಿದ. ಸರಿಸಮ! "ಅಮ್ಮನ ದನಿಗೆ ಅಮ್ಮನ ಮಾರು. ಅವಳು ಕೈ ಚಾಚಿದ್ರೆ ಇಷ್ಟೇ ತಾನೆ ಬರೋದು!"

ಆರಡಿಯ ಮನುಷ್ಯ ನಾಲ್ಕೂವರೆ ಅಡಿಗೆ ನಿಂತುಹೋದ. ಬಿಚ್ಚಲು ಯಂತ್ರವಿಲ್ಲ. ಇನ್ನೊಂದು ಮಾಡುತ್ತೇನೆಂದು ಅವನು ಬಾಯಿ ತೆಗೆದಾಗ ನಾವು ಮೂವರೂ ಒಟ್ಟಿಗೆ "ಬೇಡ!" ಎಂದು ಚೀರಿದೆವು. ಕಾವೇರಮ್ಮನವರೊಬ್ಬರೇ ಸ್ವಲ್ಪ ಹೊತ್ತಿಗೆ ಸಮಾಧಾನ ಮಾಡಿಕೊಂಡರು. ಮಗನ ತಲೆ ಸವರಲು ಎಷ್ಟೋ ವರ್ಷದಿಂದ ಅವರಿಗೆ ಎಟುಕುತ್ತಿರಲಿಲ್ಲವಂತೆ.

ವಾಸಂತಿ ಕಣ್ಣೊರೆಸಿಕೊಂಡು, ಸತ್ತ ಯಂತ್ರದ ಮೇಲಿನ ಮುಚ್ಚಳವನ್ನೂ ಗಂಡನನ್ನೂ ಒಂದು ಸಲ ಅಳೆದು ನೋಡಿದಳು. "ಒಗೆಯೋರು ಇವರು. ಮೇಲಿನ ಬಾಯಿಗೆ ಇವರ ಕೈ ಎಟುಕಲ್ಲ ಅತ್ತೆ. ಮುಂದಿನ ಬಾಗಿಲಿಂದೇ ತರಬೇಕು."

ಆ ಜಗಳದಲ್ಲಿ ಕಾವೇರಮ್ಮನವರು ಮೊದಲ ಸಲ ಮಾತಾಡಲಿಲ್ಲ. ಬಹುಶಃ ಯಾವ ಮಾತು ಆಡಿದರೆ ಏನಾಗುತ್ತದೋ ಎಂಬ ಭಯ.

ಸಂಜೆ ನಾವು ಅಂಗಡಿಗೆ ಹೋದೆವು. ಅಂಗಡಿಯ ಹುಡುಗಿ ಫ್ರಂಟ್ ಲೋಡಿನ ಗುಣಗಾನ ಮಾಡಿದಳು. ನೀರು ಕಮ್ಮಿ, ಕರೆಂಟು ಕಮ್ಮಿ, ಬಟ್ಟೆ ಸವೆಯುವುದೂ ಕಮ್ಮಿ. ವಾಸಂತಿ ತಲೆಯಾಡಿಸಿದಳು, ಶೇಷು ಸ್ಕ್ರೂಡ್ರೈವರ್ ಇದೆಯೇ ಎಂದು ಜೇಬು ತಡಕಿದ. ನಾನು ಮಾತ್ರ ಆ ದುಂಡು ಗಾಜಿಗೆ ಬೆನ್ನು ಮಾಡಿ ನಿಂತು, ದನಿ ತಗ್ಗಿಸಿ ಒಂದೇ ಒಂದು ಪ್ರಶ್ನೆ ಕೇಳಿದೆ.

"ಇದಕ್ಕೆ ಕನ್ನಡ ಬರತ್ತೇನಮ್ಮ?"

"ಇಲ್ಲ ಸರ್, ಸಾರಿ" ಎಂದಳು ಆಕೆ ಸಂಕೋಚದಿಂದ.

"ಪರವಾಗಿಲ್ಲ, ಇದನ್ನೇ ಕೊಡು" ಎಂದೆ.